ಕಛೇರಿಯ ಸ್ಥಳಾಂತರವೂ ನೆಲಜಲದ ಲೆಕ್ಕವೂ

ಹೆಬಳೆಯವರು ಜಮೀನಿನ ಕೆಲಸಕ್ಕಾಗಿ ಜಿಲ್ಲಾಧಿಕಾರಿಗಳ ಕಛೇರಿಯ ಮೆಟ್ಟಿಲು ಹತ್ತಬೇಕಾದರೆ ಕತ್ತಲಿರುವಾಗಲೇ ಏಳಬೇಕು. ಭಟ್ಕಳದ ಪೇಟೆಗೆ ತಾಗಿಕೊಂಡಂತಿರುವ, ತೆಂಗಿನಗುಂಡಿಯ ಮೀನುಗಾರರ ಬಂದರವನ್ನು ತನ್ನ ಪಂಚಾಯತಿಯ ಎಲ್ಲೆಯೊಳಗೆ ಇಟ್ಟುಕೊಂಡಿರುವ ಈ ಊರಿನಿಂದ ಕಾರವಾರವು ಉತ್ತರಕ್ಕೆ ಸುಮಾರು 125 ಕಿಲೋಮೀಟರು. ಮುರುಡೇಶ್ವರ ಕಳೆದು ಹೊನ್ನಾವರದಲ್ಲಿ ಶರಾವತಿಯನ್ನು ದಾಟಬೇಕು. ಕುಮಟೆ ಕಳೆದು ಅಘನಾಶಿನಿಯನ್ನು ದಾಟಬೇಕು. ಅಂಕೋಲೆಗೆ ಮುಂಚೆ ಗಂಗಾವಳಿಯನ್ನು ದಾಟಬೇಕು. ಇಷ್ಟೆಲ್ಲ ಹೊಳೆ ದಾಟಿ ಹೋದರೆ ಗೋವೆಯ ಗಡಿಯ ಹತ್ತಿರ ಜಿಲ್ಲೆಯ ತಲೆಯೂರು ಕಾಣುತ್ತದೆ. ಹೋಗುವಾಗ ಅರ್ಧ ದಿನ, ಬರುವಾಗ ಅರ್ಧ ದಿನ; ನಡುವೆ ಸಿಕ್ಕುವ ವೇಳೆಯಲ್ಲಿ ಕೆಲಸವಾದರೆ ಅದೃಷ್ಟ.

ಇದಕ್ಕೊಂದು ವಿಚಿತ್ರವಾದ ಪೂರ್ವಕಥೆಯುಂಟು. ಅವಿಭಕ್ತ ಕೆನರಾ ಜಿಲ್ಲೆಯ ಕಾಲದಲ್ಲಿ ಕಲೆಕ್ಟರರ ಮುಖ್ಯ ಕಛೇರಿ ಮಂಗಳೂರಿನಲ್ಲಿತ್ತು. ಮಂಗಳೂರು ಭಟ್ಕಳದಿಂದ ದಕ್ಷಿಣಕ್ಕೆ ಸುಮಾರು 140 ಕಿಲೋಮೀಟರು. ಕರಾವಳಿಯನ್ನು ಒಂದು ತಕ್ಕಡಿಯೆಂದು ಭಾವಿಸಿದರೆ ಭಟ್ಕಳವು ಅದರ ಮುಳ್ಳಿನ ಜಾಗದಲ್ಲಿದೆ. ಕಛೇರಿಯೆಂಬ ಕಲ್ಲನ್ನು ಒಂದು ತಟ್ಟೆಯಿಂದ ಎತ್ತಿ ಇನ್ನೊಂದು ತಟ್ಟೆಯಲ್ಲಿಟ್ಟರು. ಕಲ್ಲು ಆ ತುದಿಯಿಂದ ಈ ತುದಿಗೆ ಬಂತು. ನಡುವಿನವನ ದಾರಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಸರಕಾರದ ದೊಡ್ಡ ಕಛೇರಿಯೊಂದನ್ನು ಊರಿನಿಂದೂರಿಗೆ ಸಾಗಿಸುವಾಗ ನೆಲ, ನೀರು, ಮರ, ಗಾಳಿಗಳ ಮೇಲೆ ಏನಾಗುತ್ತದೆಂದು ಅಳೆಯುವ ಶಾಸ್ತ್ರ ಈಗ ಬೆಳೆದಿದೆ. ಆ ಅಳತೆಗೋಲನ್ನು ಎಲ್ಲಿ ಹಿಡಿಯಬೇಕೆಂಬ ಪ್ರಶ್ನೆಗೆ ನಮ್ಮ ಜಿಲ್ಲೆಯ ಚರಿತ್ರೆಗಿಂತ ಒಳ್ಳೆಯ ಪಾಠಪುಸ್ತಕ ಬೇರೊಂದಿಲ್ಲವೆಂದು ನಮ್ಮ ಎಣಿಕೆ.

ಕಾರವಾರಕ್ಕೆ ಕಛೇರಿ ಹೋದದ್ದು ಜನರ ಅನುಕೂಲಕ್ಕಾಗಿ ಅಲ್ಲ, ಹತ್ತಿಗಾಗಿ. 1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿಯ ಹತ್ತಿ ನಿಂತುಹೋಗಿ ಇಂಗ್ಲೆಂಡಿನ ಲಂಕಾಶೈರಿನ ಗಿರಣಿಗಳು ಬಾಯಿಬಿಟ್ಟು ಕುಳಿತವು. ಗಿರಣಿಯ ಧಣಿಗಳ ಕಣ್ಣು ಧಾರವಾಡದ ಎರೆಭೂಮಿಯ ಮೇಲೆ ಬಿತ್ತು. ಧಾರವಾಡದ ಹತ್ತಿಗೆ ಸಮೀಪದ ಒಳ್ಳೆಯ ಬಂದರವೆಂದರೆ ಕಾಳಿ ನದಿಯ ಮುಖದಲ್ಲಿರುವ ಸದಾಶಿವಗಡ-ಕಾರವಾರ. ಮ್ಯಾಂಚೆಸ್ಟರ್ ಕಾಟನ್ ಕಂಪನಿಯವರು ಹತ್ತಿ ಅಮುಕುವ ಯಂತ್ರಗಳನ್ನು ಹಡಗಿಗೆ ಹೇರಿ ಕಳಿಸಿಯೇ ಬಿಟ್ಟರು. ತೀರಕ್ಕೆ ಬಂದು ನೋಡಿದರೆ ಯಂತ್ರವನ್ನು ಇಳಿಸಿಕೊಳ್ಳಲು ಧಕ್ಕೆಯೂ ಇಲ್ಲ, ಘಟ್ಟ ಹತ್ತಿಸಲು ಪೂರ್ತಿಯಾದ ರಸ್ತೆಯೂ ಇಲ್ಲ! ಮದರಾಸು ಸರಕಾರ ನಿಧಾನ ಮಾಡುತ್ತದೆಂಬ ಕೂಗೆದ್ದಿತು. 1862ರಲ್ಲಿ ಕೆನರಾದ ಉತ್ತರಭಾಗವು ಮದರಾಸು ಪ್ರಾಂತವನ್ನು ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಜಿಲ್ಲೆಯ ಮುಖ್ಯ ಕಛೇರಿ ಕಾರವಾರದಲ್ಲಿ ನೆಲೆಗೊಂಡಿತು.

ಆಗಿನ ಕಾರವಾರ ಯಾವುದು? 1638ರಲ್ಲಿ ಇಂಗ್ಲಿಷರು ಕೋಠಿ ಹಾಕಿದ ಹಳೆಯ ಕಾರವಾರ ಕಾಳಿಯ ದಂಡೆಯ ಮೇಲೆ ಮೂರು ಮೈಲು ಒಳಗಿತ್ತು. ಇಂದು ನಾವು ಕಾರವಾರವೆನ್ನುವ ಕಡಲಬದಿಯ ಪಟ್ಟಣವು 1862ಕ್ಕೆ ಮುಂಚೆ ಕೇವಲ ಒಂದು ಬೆಸ್ತರ ಹಳ್ಳಿಯಾಗಿತ್ತೆಂದು ಬ್ರಿಟಿಷರ ಕಾಲದ ಗೆಜೆಟಿಯರು ಬರೆದಿಟ್ಟಿದೆ. ಅಂದರೆ ಕಛೇರಿ ಬಂದದ್ದರಿಂದ ಊರು ಹುಟ್ಟಿತೇ ಹೊರತು, ಊರಿತ್ತೆಂದು ಕಛೇರಿ ಬಂದದ್ದಲ್ಲ. ಕಲೆಕ್ಟರರ ಹಿಂದೆ ನ್ಯಾಯಾಧೀಶರು, ಅವರ ಹಿಂದೆ ವಕೀಲರು, ಅರ್ಜಿ ಬರೆಯುವವರು, ಖಾನಾವಳಿಯವರು, ಬಟ್ಟೆ ಒಗೆಯುವವರು ಬಂದರು. ಇವರೆಲ್ಲರ ಮನೆಗೆ ಕಲ್ಲು ಬೇಕು, ಸುಣ್ಣ ಬೇಕು, ತೊಲೆ ಬೇಕು. ಒಲೆಗೆ ಸೌದೆ ಬೇಕು. ಗುಡ್ಡ ಮತ್ತು ಕಾಡು ಹತ್ತಿರವೇ ಇದ್ದವು. ಘಟ್ಟದ ಮೇಲಣ ಸಾಗುವಾನಿ ಕಾಳಿಯ ಹರಿವಿನಲ್ಲಿ ತೇಲಿ ಬರುತ್ತಿತ್ತು.

ಕಾರವಾರದ ದಂಡೆಯ ಗಾಳಿಮರಗಳ ಕಥೆಯೂ ಈ ಕಾಲದ್ದೇ. ಆಸ್ಟ್ರೇಲಿಯಾ ಮತ್ತು ಪೂರ್ವದ್ವೀಪಗಳ ಕಡೆಯ ಈ ಮರವನ್ನು ಸೌದೆಗಾಗಿ ಇಲ್ಲಿ ತೋಪುಗಟ್ಟಿ ಬೆಳೆಸತೊಡಗಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1882ರ ಸುಮಾರಿಗೆ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದವರು ಸತ್ಯೇಂದ್ರನಾಥ ಟಾಗೋರರು. ಅಣ್ಣನ ಮನೆಗೆ ಬಂದಿಳಿದ ತರುಣ ರವೀಂದ್ರನಾಥರು ಆ ಅರ್ಧಚಂದ್ರಾಕಾರದ ದಂಡೆಯನ್ನೂ ಗಾಳಿಮರದ ಸಾಲನ್ನೂ ಮುಪ್ಪಿನವರೆಗೆ ನೆನೆದರು. ಇಲ್ಲಿಯೇ ಒಂದು ನಾಟಕವನ್ನೂ ಬರೆದರು. 1884ರಲ್ಲಿ ಅಚ್ಚಾದ ಆ ಕೃತಿಯ ಹೆಸರು ‘ಪ್ರಕೃತಿಯ ಪ್ರತಿಶೋಧ’, ಎಂದರೆ ಪ್ರಕೃತಿಯ ಸೇಡು! ನಾಟಕದ ವಸ್ತು ಸಂನ್ಯಾಸಿಯೊಬ್ಬನ ಮನಸ್ಸಿಗೆ ಸಂಬಂಧಿಸಿದ್ದು, ನಮ್ಮ ವಿಷಯಕ್ಕಲ್ಲ. ಆದರೂ ಹೆಸರು ಕಿವಿಗೆ ಬೀಳುವಾಗ ಈ ಲೇಖಕನಿಗೆ ಕಾರವಾರದ ಗುಡ್ಡಗಳು ಕಣ್ಣಮುಂದೆ ಬರುವುದನ್ನು ತಪ್ಪಿಸಲಾಗದು. ಪ್ರವಾಸಿಗನು ಪ್ರಕೃತಿಯ ಸಹಜ ಸೊಬಗೆಂದು ಮೆಚ್ಚುವುದರಲ್ಲಿ ಎಷ್ಟು ಪಾಲು ಕಛೇರಿಯ ಊರಿನ ಸೌದೆಯ ತೋಪೆಂಬುದನ್ನು ಯಾರೂ ವಿಚಾರಿಸುವುದಿಲ್ಲ.

ಇನ್ನು ಹತ್ತಿಯ ಕಥೆ ಮುಗಿಸೋಣ. 1865ರಲ್ಲಿ ಅಮೇರಿಕೆಯ ಯುದ್ಧ ಮುಗಿಯಿತು. ಅಲ್ಲಿಯ ಹತ್ತಿ ಮತ್ತೆ ಇಂಗ್ಲೆಂಡಿಗೆ ಬರತೊಡಗಿತು. ಕಾರವಾರಕ್ಕೆ ರೈಲು ಬರುತ್ತದೆಂದು ಕಾದದ್ದೇ ಬಂತು. 1888ರಲ್ಲಿ ರೈಲು ಘಟ್ಟವಿಳಿದದ್ದು ಪೋರ್ಚುಗೀಸರ ಮರ್ಮಗೋವಾ ಬಂದರಕ್ಕೆ. ಧಾರವಾಡದ ಮಾಲು ಆ ದಾರಿ ಹಿಡಿಯಿತು. ಯಾವ ಹತ್ತಿಗಾಗಿ ಕಛೇರಿ ಸ್ಥಳಾಂತರವಾಯಿತೋ ಆ ಹತ್ತಿ ಒಂದು ತಲೆಮಾರಿನೊಳಗೆ ಕೈಬಿಟ್ಟಿತು. ಕಛೇರಿ ಮಾತ್ರ ಅಲ್ಲೇ ಉಳಿಯಿತು. ಇಂದಿಗೆ ನೂರಾ ಅರುವತ್ತು ವರ್ಷ ಮಿಕ್ಕಿತು. ಕಾರಣ ಅಳಿದರೂ ಕಛೇರಿ ಅಳಿಯುವುದಿಲ್ಲ. ಅದಕ್ಕಾಗಿ ಕಡಿದ ಗುಡ್ಡವೂ ಮರಳಿ ಬೆಳೆಯುವುದಿಲ್ಲ. ಸ್ಥಳಾಂತರದ ಪರಿಣಾಮವನ್ನು ಅಳೆಯುವವರು ಕಟ್ಟಡದ ಐದು ವರ್ಷವನ್ನಲ್ಲ, ನೂರೈವತ್ತು ವರ್ಷವನ್ನು ಮುಂದಿಟ್ಟುಕೊಳ್ಳಬೇಕೆಂದು ನಾವು ಹೇಳುವುದು ಈ ಆಧಾರದ ಮೇಲೆ.

ಕಛೇರಿಯ ನಿಜವಾದ ಹೊರೆ ಕಟ್ಟಡದಲ್ಲಿಲ್ಲ, ಅದರ ಬೆನ್ನು ಹಿಡಿದು ಬರುವ ಊರಿನಲ್ಲಿದೆ. ನೀರಿನ ಲೆಕ್ಕವೊಂದನ್ನೇ ನೋಡಬಹುದು. ಭಾರತೀಯ ಮಾನಕಗಳ ಪ್ರಕಾರ ಕಛೇರಿಯಲ್ಲಿ ಕೆಲಸ ಮಾಡುವವನೊಬ್ಬನಿಗೆ ದಿನಕ್ಕೆ 45 ಲೀಟರು ನೀರು ಸಾಕು. ಮನೆಯಲ್ಲಿ ವಾಸಿಸುವವನಿಗಾದರೆ 135 ಲೀಟರು ಬೇಕು. ಸಾವಿರ ಮಂದಿ ನೌಕರರ ಕಛೇರಿಗೆ 45,000 ಲೀಟರು. ಆ ಸಾವಿರ ಮಂದಿಯೂ ಮನೆಗೆ ನಾಲ್ವರಂತೆ ಸಂಸಾರಸಮೇತ ಬಂದು ನೆಲೆಸಿದರೆ 5,40,000 ಲೀಟರು, ಅಂದರೆ ಹನ್ನೆರಡು ಪಟ್ಟು. ಕಟ್ಟಡದ ನಕ್ಷೆಯನ್ನು ಮಾತ್ರ ಮುಂದಿಟ್ಟುಕೊಂಡು ಪರಿಣಾಮ ಬರೆಯುವವನ ಲೆಕ್ಕದಿಂದ ಈ ಹನ್ನೆರಡರಲ್ಲಿ ಹನ್ನೊಂದು ಪಾಲು ಜಾರಿಹೋಗುತ್ತದೆ.

ಬೆಂಗಳೂರು ಇದಕ್ಕೆ ದೊಡ್ಡ ನಿದರ್ಶನ. 1809ರಲ್ಲಿ ಇಂಗ್ಲಿಷರ ದಂಡು ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರಿಗೆ ಬಂದದ್ದು ಜ್ವರದ ಹೆದರಿಕೆಯಿಂದ; ಅಂದರೆ ಪರಿಸರದ ಕಾರಣದಿಂದಲೇ. 1831ರಲ್ಲಿ ಮೈಸೂರಿನ ಆಡಳಿತವನ್ನು ಕಮಿಷನರರು ವಹಿಸಿಕೊಂಡ ಮೇಲೆ ಮುಖ್ಯ ಕಛೇರಿಯೂ ಬೆಂಗಳೂರಿಗೇ ಬಂತು. 1868ಕ್ಕೆ ಅಠಾರಾ ಕಛೇರಿ ಎದ್ದು ನಿಂತಿತು. ಕಾವೇರಿಯ ನಡುಗಡ್ಡೆಯಿಂದ ಹೊರಟ ಆಡಳಿತ ಹೊಳೆಯೇ ಇಲ್ಲದ ದಿಬ್ಬದ ಮೇಲೆ ಬಂದು ಕುಳಿತಿತು. ಕೆರೆಗಳು ಸಾಲದೆ 1890ರ ದಶಕದಲ್ಲಿ ಹೆಸರಘಟ್ಟಕ್ಕೆ ಹೋದರು, 1933ರಲ್ಲಿ ತಿಪ್ಪಗೊಂಡನಹಳ್ಳಿಗೆ, 1974ರಲ್ಲಿ ಕೊನೆಗೆ ಕಾವೇರಿಗೇ ಮರಳಿದರು. ಈಗ ನೂರು ಕಿಲೋಮೀಟರು ದೂರದಿಂದ, ಸುಮಾರು ಐನೂರು ಮೀಟರು ಎತ್ತರಕ್ಕೆ, ವಿದ್ಯುತ್ತಿನ ಬಲದಿಂದ ಆ ನೀರು ಏರುತ್ತಿದೆ. ಕಾರ್ಖಾನೆಗಳೂ ಗಣಕೋದ್ಯಮವೂ ಈ ಬಾಯಾರಿಕೆಗೆ ಕಾರಣವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅವು ಬಂದದ್ದು ಆಳುವ ಕಛೇರಿಯಿದ್ದ ಊರಿಗೆ.

ಬೆಳಗಾವಿಯದು ಇನ್ನೊಂದು ಬಗೆ. 2012ರ ಅಕ್ಟೋಬರಿನಲ್ಲಿ ಸುವರ್ಣ ವಿಧಾನಸೌಧದ ಉದ್ಘಾಟನೆಯಾಯಿತು. ಕಟ್ಟಡ ಹೋಯಿತು, ಕಛೇರಿ ಹೋಗಲಿಲ್ಲ. ಚಳಿಗಾಲದ ಅಧಿವೇಶನಕ್ಕೆಂದು ಆಳುವವರೂ ಅವರ ಕಡತಗಳೂ ಸುಮಾರು ಐನೂರು ಕಿಲೋಮೀಟರು ಹೋಗಿ ಬರುತ್ತವೆ. ನಿತ್ಯದ ಆಡಳಿತ ಬೆಂಗಳೂರಿನದೇ. ಅರ್ಧ ಸ್ಥಳಾಂತರವು ಎರಡೂ ಊರುಗಳ ಖರ್ಚನ್ನು ಪೂರ್ತಿಯಾಗಿ ಕೇಳುತ್ತದೆ.

ಮತ್ತೆ ನಮ್ಮ ತೀರಕ್ಕೆ ಬರೋಣ. ಮುಂಬಯಿಯ ಬಂದರದಲ್ಲಿ ಇಕ್ಕಟ್ಟಾಯಿತೆಂದು ನೌಕಾದಳವು ತನ್ನ ಪಶ್ಚಿಮದ ನೆಲೆಯ ಒಂದು ದೊಡ್ಡ ಪಾಲನ್ನು ಕಾರವಾರಕ್ಕೆ ತರುವ ‘ಸೀಬರ್ಡ್’ ಯೋಜನೆಯನ್ನು ಕೈಗೊಂಡಿತು. 1986ರ ಅಕ್ಟೋಬರ 24ರಂದು ಪ್ರಧಾನಿ ರಾಜೀವ ಗಾಂಧಿಯವರು ಅಡಿಗಲ್ಲು ಹಾಕಿದರು. ನೆಲೆಯು ‘ಕದಂಬ’ವೆಂಬ ಹೆಸರಿನಿಂದ ಸೇವೆಗೆ ಸೇರಿದ್ದು 2005ರ ಮೇ 31ರಂದು. ಈ ನಡುವಿನ ಹತ್ತೊಂಬತ್ತು ವರ್ಷಗಳಲ್ಲಿ ಕಾರವಾರ, ಅಂಕೋಲೆಗಳ ತೀರದ ಹಳ್ಳಿಗಳು ಒಕ್ಕಲೆದ್ದವು. ಬಲೆ ಒಣಹಾಕುತ್ತಿದ್ದ ದಂಡೆಗಳು ಬೇಲಿಯೊಳಗಾದವು. ಅಂಜದೀವ್ ದ್ವೀಪದವರೆಗೆ ಬಂಡೆಗಳ ಅಲೆತಡೆ ಸಾಗಿ, ದ್ವೀಪವು ದಡಕ್ಕೆ ಅಂಟಿಕೊಂಡಿತು. ಅಲೆಯ ದಾರಿಯನ್ನು ತಡೆದಲ್ಲಿ ಮರಳಿನ ದಾರಿಯೂ ಬದಲಾಗುತ್ತದೆಂಬುದು ತೀರಶಾಸ್ತ್ರದ ಮೊದಲ ಪಾಠ. ದೇಶದ ರಕ್ಷಣೆಗೆ ನೆಲೆ ಬೇಕೆಂಬುದನ್ನು ನಾವು ಪ್ರಶ್ನಿಸುತ್ತಿಲ್ಲ. ಒಂದು ತಾರೀಖನ್ನು ಮಾತ್ರ ಪಕ್ಕಕ್ಕಿಟ್ಟು ನೋಡಬೇಕು. ದೇಶದ ಪರಿಸರ ಸಂರಕ್ಷಣಾ ಕಾಯಿದೆ ಜಾರಿಗೆ ಬಂದದ್ದು ಅದೇ 1986ರ ನವೆಂಬರ 19ರಂದು. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 1991ರಲ್ಲಿ. ಪರಿಣಾಮ ಅಳೆಯಲೇಬೇಕೆಂಬ ಮೊದಲ ಅಧಿಸೂಚನೆ 1994ರಲ್ಲಿ. ಅಡಿಗಲ್ಲು ಕಾಯಿದೆಗಿಂತ ಇಪ್ಪತ್ತಾರು ದಿನ ಹಿರಿಯದು.

ಈಗ ಕಾಯಿದೆಗಳಿವೆ. ಅವು ಏನನ್ನು ಅಳೆಯುತ್ತವೆ? 2006ರ ಸೆಪ್ಟೆಂಬರಿನ ಅಧಿಸೂಚನೆಯಂತೆ 20,000 ಚದರ ಮೀಟರು ಮತ್ತು ಅದಕ್ಕೆ ಮೇಲ್ಪಟ್ಟ ಕಟ್ಟಡಕ್ಕೆ ಪೂರ್ವಾನುಮತಿ ಬೇಕು. ಆದರೆ ಗಣಿಗೂ ಅಣೆಕಟ್ಟಿಗೂ ನಡೆಯುವಂಥ ಸಾರ್ವಜನಿಕ ಅಹವಾಲು ಕಟ್ಟಡಗಳ ವರ್ಗಕ್ಕೆ ಬೇಡವೆಂದು ಅದೇ ಅಧಿಸೂಚನೆ ಬಿಟ್ಟುಕೊಟ್ಟಿತು. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಅನುಮತಿ ಬೇಕಾಗಿರುವುದು ಕಟ್ಟುವುದಕ್ಕೆ, ಸಾಗಿಸುವುದಕ್ಕಲ್ಲ. ‘ಈ ಕಛೇರಿ ಆ ಊರಿಗೆ ಹೋಗಲಿ’ ಎಂಬ ನಿರ್ಣಯ ಯಾವ ಅಳತೆಗೂ ಸಿಕ್ಕದೆ ಮೊದಲೇ ಆಗಿಹೋಗಿರುತ್ತದೆ. ಅಳೆಯುವವನು ಬರುವ ಹೊತ್ತಿಗೆ ಅವನ ಮುಂದಿರುವುದು ಒಂದೇ ಜಾಗ, ಒಂದೇ ನಕ್ಷೆ. ದಿಲ್ಲಿಯ ಸೆಂಟ್ರಲ್ ವಿಸ್ಟಾ ಯೋಜನೆಯಲ್ಲಿ ಕೇಂದ್ರದ ಮಂತ್ರಾಲಯಗಳನ್ನೇ ಎತ್ತಿ ಹೊಸ ಕಟ್ಟಡಗಳಿಗೆ ಒಯ್ಯುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಜನವರಿ 5ರಂದು ಬಹುಮತದ ಇಬ್ಬರು ನ್ಯಾಯಮೂರ್ತಿಗಳು ಯೋಜನೆಯನ್ನು ಎತ್ತಿಹಿಡಿದರು. ಮೂರನೆಯವರಾದ ಸಂಜೀವ ಖನ್ನಾ ಅವರು ಜನರ ಅಭಿಪ್ರಾಯ ಕೇಳಿದ ರೀತಿ ಸಾಲದೆಂದು ಭಿನ್ನಮತ ಬರೆದರು. ಆ ಭಿನ್ನಮತವನ್ನು ವಿದ್ಯಾರ್ಥಿಗಳು ಓದತಕ್ಕದ್ದು.

ಅಮೇರಿಕೆಯಲ್ಲಿ 1969ರ ಕಾಯಿದೆಯ ಪ್ರಕಾರ ಸರಕಾರದ ಮಹತ್ತ್ವದ ನಿರ್ಣಯವೇ ಅಳತೆಗೆ ಒಳಪಡಬೇಕು. ವಾಷಿಂಗ್ಟನ್ನಿನಲ್ಲಿರುವ ಎಫ್.ಬಿ.ಐ. ಪತ್ತೇದಾರಿ ಇಲಾಖೆಯ ಮುಖ್ಯ ಕಛೇರಿಯನ್ನು ಹೊರವಲಯಕ್ಕೆ ಸಾಗಿಸಬೇಕೆಂಬ ವಿಚಾರ ಬಂದಾಗ 2015ರಲ್ಲಿ ಕರಡು ವರದಿಯೊಂದು ಹೊರಟಿತು. ಅದರಲ್ಲಿ ಮೂರು ಬೇರೆ ಬೇರೆ ಜಾಗಗಳನ್ನು ತೂಗಿದ್ದರು; ಜೊತೆಗೆ, ಏನನ್ನೂ ಮಾಡದೆ ಇದ್ದಲ್ಲೇ ಇದ್ದರೆ ಏನೆಂಬುದನ್ನೂ ತೂಗಿದ್ದರು. ಬಿಟ್ಟುಹೋಗುವ ಹಳೆಯ ಜಾಗದ ಗತಿಯೂ ಲೆಕ್ಕಕ್ಕೆ ಬಂದಿತ್ತು. ವರದಿ ಬರೆದಮಾತ್ರಕ್ಕೆ ವಿವೇಕ ಬಂದುಬಿಡುವುದಿಲ್ಲ. ಆ ಕಛೇರಿಯ ಜಗಳ ಅನಂತರವೂ ಹತ್ತು ವರ್ಷ ಎಳೆದಾಡಿತು. ಆದರೂ ‘ಇದ್ದಲ್ಲೇ ಇದ್ದರೆ?’ ಎಂಬ ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೇಳಲೇಬೇಕಾದ ಕಟ್ಟುಪಾಡು ಒಳ್ಳೆಯದು.

ನಮ್ಮ ಮಗ್ಗುಲಿನ ಜಿಲ್ಲೆಗಳಲ್ಲಿ ಇದು ತೀರ ಈಚಿನ ಸಂಗತಿ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಅದರ ಕಛೇರಿಗಳು ಕಾಲಾನಂತರ ಪೇಟೆಯನ್ನು ಬಿಟ್ಟು ಮಣಿಪಾಲದ ದಿಬ್ಬದ ಮೇಲಣ ‘ರಜತಾದ್ರಿ’ಗೆ ಏರಿದವು. 2025ರ ಮೇ ತಿಂಗಳಲ್ಲಿ ಮಂಗಳೂರಿನ ಜಿಲ್ಲಾ ಕಛೇರಿಗಾಗಿ ಪಡೀಲಿನಲ್ಲಿ ಕಟ್ಟಿದ ‘ಪ್ರಜಾಸೌಧ’ ಉದ್ಘಾಟನೆಯಾಯಿತು. ಹಳೆಯ ಕಛೇರಿ ಸ್ಟೇಟ್‌ಬ್ಯಾಂಕಿನ ಬಸ್ಸು ನಿಲ್ಲುವಲ್ಲಿಂದ ಕಾಲ್ನಡಿಗೆಯ ದೂರದಲ್ಲಿತ್ತು. ಹೊಸದು ಹೆದ್ದಾರಿಗಳು ಕೂಡುವ ಕಡೆಯಲ್ಲಿದೆ. ಪೇಟೆಯ ಇಕ್ಕಟ್ಟು ಕಡಿಮೆಯಾದೀತು. ಹಳ್ಳಿಯಿಂದ ಬಂದವನು ಇನ್ನೊಂದು ಬಸ್ಸು ಹಿಡಿದಾನು. ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದನ್ನು ಎಣಿಸಿಯೇ ಹೇಳಬೇಕು. ಸ್ಥಳಾಂತರದ ಲಾಭನಷ್ಟ ಕೊನೆಗೆ ದಾರಿಯ ಮೇಲೆ ತೀರ್ಮಾನವಾಗುತ್ತದೆ.

ದಾರಿಯ ಲೆಕ್ಕ ಹಾಕಲು ದೊಡ್ಡ ಪಾಂಡಿತ್ಯ ಬೇಡ. ಭಟ್ಕಳದ ಕಡೆಯಿಂದ ದಿನಕ್ಕೆ ನೂರು ಮಂದಿ ಕಾರವಾರಕ್ಕೆ ಹೋಗಿ ಬರುತ್ತಾರೆಂದು ಲೆಕ್ಕದ ಮಟ್ಟಿಗೆ ಇಟ್ಟುಕೊಳ್ಳೋಣ. ಎರಡೂ ಕಡೆ ಸೇರಿ 250 ಕಿಲೋಮೀಟರು, ವರ್ಷಕ್ಕೆ 250 ಕೆಲಸದ ದಿನ. ಐವತ್ತು ಜನ ತುಂಬಿದ ಬಸ್ಸಿನಲ್ಲಿ, ಲೀಟರಿಗೆ ಐದು ಕಿಲೋಮೀಟರಿನಂತೆ ಹೋದರೆ ವರ್ಷಕ್ಕೆ 25,000 ಲೀಟರು ಡೀಸೆಲು. ಅದರ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡು ಹೆಚ್ಚುಕಡಿಮೆ 67 ಟನ್ನು. ಅದೇ ನೂರು ಮಂದಿ ಕಾರಿಗಿಬ್ಬರಂತೆ, ಲೀಟರಿಗೆ 15 ಕಿಲೋಮೀಟರಿನ ಕಾರುಗಳಲ್ಲಿ ಹೊರಟರೆ ಎರಡು ಲಕ್ಷ ಲೀಟರು ಮಿಕ್ಕುತ್ತದೆ. ಹೊಗೆ ಐನೂರು ಟನ್ನಿನ ಆಸುಪಾಸು. ಅಂದರೆ ಕಛೇರಿಯನ್ನು ಬಸ್ಸಿಗೂ ರೈಲಿಗೂ ಹತ್ತಿರವಿಟ್ಟಿದ್ದಾರೋ, ಕಾರಿಲ್ಲದೆ ತಲಪಲಾಗದ ಬಯಲಿನಲ್ಲಿಟ್ಟಿದ್ದಾರೋ ಎಂಬುದರ ಮುಂದೆ ಕಟ್ಟಡದ ಮೇಲಣ ಸೌರಫಲಕಗಳ ಹೆಮ್ಮೆ ಚಿಕ್ಕದು. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದಾಗ ಭಟ್ಕಳ-ಕಾರವಾರಗಳ ದೂರ ಯಾವ ಕಛೇರಿಯೂ ಕದಲದೆ ತಗ್ಗಿತು. ಕಛೇರಿಯನ್ನು ಸಾಗಿಸುವ ಬದಲು ದಾರಿಯನ್ನು ಸುಧಾರಿಸುವ ಉಪಾಯ ಯಾವ ವರದಿಯಲ್ಲೂ ಮೊದಲ ಪುಟದಲ್ಲಿರಬೇಕು.

ದಾರಿ ಸುಧಾರಣೆಯೂ ನಿರಪಾಯವಲ್ಲ. ಹೆದ್ದಾರಿಯನ್ನು ನಾಲ್ಕು ಪಥಕ್ಕೆ ಅಗಲಿಸುವಾಗ ಗುಡ್ಡದ ಬುಡಗಳನ್ನು ನೆಟ್ಟಗೆ ಕೊರೆದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯನ್ನೂ ಬದಿಯ ಚಹಾದಂಗಡಿಯನ್ನೂ ಗಂಗಾವಳಿಗೆ ತಳ್ಳಿತು. ಹಲವರು ಜೀವ ಕಳೆದುಕೊಂಡರು. ದಕ್ಷಿಣದ ತಾಲೂಕುಗಳಿಗೂ ಜಿಲ್ಲೆಯ ಕೇಂದ್ರಕ್ಕೂ ಇದ್ದ ನೇರವಾದ ರಸ್ತೆ ಆಗ ದಿನಗಟ್ಟಲೆ ಕಡಿದುಹೋಗಿತ್ತು.

ಇಷ್ಟನ್ನು ಈಗ ಹೇಳುವುದಕ್ಕೆ ಕಾರಣವಿದೆ. ಉತ್ತರ ಕನ್ನಡವನ್ನು ಒಡೆದು ಘಟ್ಟದ ಮೇಲೆ ಶಿರಸಿಯನ್ನು ಕೇಂದ್ರವಾಗಿಸಿ ಬೇರೆ ಜಿಲ್ಲೆ ಮಾಡಬೇಕೆಂಬ ಬೇಡಿಕೆ ಬಹುಕಾಲದ್ದು. ಘಟ್ಟದವರ ಕಷ್ಟ ನಿಜವಾದದ್ದು. ಅವರಿಗೆ ಕಾರವಾರ ಬಿಸಿಲಿನ ಊರಷ್ಟೇ ಅಲ್ಲ, ಘಟ್ಟವಿಳಿದು ಹೋಗಬೇಕಾದ ಊರು. ಆದರೆ ಹೊಸ ಕೇಂದ್ರವೆಂದರೆ ಹೊಸ ಕಛೇರಿ, ಹೊಸ ವಸತಿ, ಹೊಸ ರಸ್ತೆ. ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಬೆಟ್ಟಗಳ ಮಗ್ಗುಲಲ್ಲಿ ಇವೆಲ್ಲ ಏಳಬೇಕು. ಕರಾವಳಿಗೂ ಒಂದು ಕೇಂದ್ರ ನಡುಮಧ್ಯದಲ್ಲಿರಲಿ ಎಂದರೆ ಕುಮಟೆ, ಹೊನ್ನಾವರಗಳ ಹೆಸರು ಬರಬಹುದು.

ವಾದಕ್ಕಾಗಿ ನಮ್ಮ ಹೆಬಳೆಯನ್ನೇ ಹಿಡಿಯೋಣ. ಮನೆಯ ಅಂಗಳವನ್ನು ಅಳೆಯುವಾಗ ಕಣ್ಣು ಹೆಚ್ಚು ಚುರುಕಾಗಿರುತ್ತದೆ. ಇಲ್ಲಿ ಬೆಲೆ ಕಡಿಮೆಯಾಗಿ ಸಿಕ್ಕುವ ಸಮತಟ್ಟಾದ ನೆಲವೆಂದರೆ ಗದ್ದೆಯ ಬಯಲು. ಬೇಸಾಯ ನಿಂತ ಗದ್ದೆಯನ್ನು ಕಾಗದದ ಮೇಲೆ ಬೀಳುಭೂಮಿ ಎನ್ನುವರು. ಆದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಸುಮಾರು ಮಳೆ ಬೀಳುವ ಈ ನಾಡಿನಲ್ಲಿ ಆ ಬಯಲು ಸುಮ್ಮನೆ ಬಿದ್ದಿರುವುದಿಲ್ಲ. ಗುಡ್ಡದಿಂದ ಇಳಿದ ನೀರನ್ನು ಹಿಡಿದು, ಒಂದಷ್ಟನ್ನು ನೆಲಕ್ಕಿಂಗಿಸಿ, ಉಳಿದದ್ದನ್ನು ಮೆಲ್ಲಗೆ ಹೊಳೆಗೆ ಬಿಡುತ್ತದೆ. 2022ರ ಆಗಸ್ಟ 2ರಂದು ಭಟ್ಕಳದಲ್ಲಿ ಒಂದು ದಿನದ ಅವಧಿಗೆ ಐನೂರು ಮಿಲಿಮೀಟರು ಮಿಕ್ಕಿ ಮಳೆ ಬಿತ್ತು. ಪೇಟೆಯ ಅಂಗಡಿಗಳೊಳಗೆ ನೀರು ನಿಂತಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಡಿದರು. ಗದ್ದೆಗೆ ಮಣ್ಣು ತುಂಬಿ ಕಛೇರಿ ಕಟ್ಟಿದರೆ ಆ ನೀರು ಎಲ್ಲಿ ನಿಲ್ಲಬೇಕು? ಮಣ್ಣು ತರುವುದೂ ಇನ್ನೊಂದು ಗುಡ್ಡವನ್ನು ಕೊರೆದೇ ಅಲ್ಲವೆ?

ಗದ್ದೆ ಬೇಡ, ಚಿರೆಕಲ್ಲಿನ ದಿಬ್ಬದ ಮೇಲೆ ಕಟ್ಟೋಣವೆಂದರೆ ಬಾವಿಗಳ ಪ್ರಶ್ನೆ ಬರುತ್ತದೆ. ಚಿರೆಕಲ್ಲು ಮಳೆಗಾಲದಲ್ಲಿ ಹೀರಿದ ನೀರೇ ಬೇಸಿಗೆಯಲ್ಲಿ ಕೆಳಗಿನ ಮನೆಗಳ ಬಾವಿಗೆ ಒಸರುವುದು, ಮಲ್ಲಿಗೆಯ ಬಳ್ಳಿಗೆ ಕೊಡದಲ್ಲಿ ಹೊಯ್ಯುವುದು. ಮೇಲೆ ಕಾಂಕ್ರೀಟು ಹಾಸಿ, ಕೆಳಗೆ ಕೊಳವೆಬಾವಿ ಇಳಿಸಿದರೆ ತೆಂಗಿನಗುಂಡಿಯ ಕಡೆಯಿಂದ ಉಪ್ಪುನೀರು ಒಳಸರಿಯಲು ಹೆಚ್ಚು ಕಾಲ ಬೇಕಾಗದು. ಸಿಹಿನೀರಿನ ಒತ್ತಡ ತಗ್ಗಿದಲ್ಲಿ ಕಡಲು ನುಗ್ಗುವುದು ಯಾವ ತೀರದಲ್ಲಿಯೂ ಕಂಡ ಸಂಗತಿ. ಒಮ್ಮೆ ಉಪ್ಪಾದ ಬಾವಿ ಸಿಹಿಯಾಗುವುದು ಅಪರೂಪ.

ಆದುದರಿಂದ ಪರಿಣಾಮವನ್ನು ಅಳೆಯಲು ಬರುವ ಪಂಡಿತರಿಗೆ ನಮ್ಮದೊಂದು ಸಣ್ಣ ಅರಿಕೆ. ಅವರು ಮೇ ತಿಂಗಳ ಕೊನೆಯ ವಾರದಲ್ಲಿ ಒಮ್ಮೆ ಬಂದು ನಾಲ್ಕು ಮನೆಯ ಬಾವಿಯನ್ನು ಬಗ್ಗಿ ನೋಡಲಿ. ಜುಲೈಯಲ್ಲಿ ಇನ್ನೊಮ್ಮೆ ಬಂದು ಮೊಣಕಾಲವರೆಗೆ ಪಂಚೆ ಎತ್ತಿ ಬಯಲಿನಲ್ಲಿ ನಡೆಯಲಿ. ಪದ್ಧತಿಯಂತೆ ಡಿಸೆಂಬರಿನಲ್ಲಿ ಒಂದೇ ಸಲ ಬಂದರೆ, ಹವೆ ಹಿತವಾಗಿರುತ್ತದೆ, ಬಾವಿಯಲ್ಲಿ ನೀರೂ ಇರುತ್ತದೆ, ಗದ್ದೆಯೂ ಒಣಗಿರುತ್ತದೆ.